ಚಿಕಣಿಯ ಶಿಸ್ತು: ಕೆ. ವೆಂಕಟಪ್ಪನವರ ಕಲಾಜೀವನದ ಪುನರ್ವಿಮರ್ಶೆ

ಆಧುನಿಕ ಕರ್ನಾಟಕದ ಚಿತ್ರಕಲೆಯ ಚರಿತ್ರೆಯನ್ನು ಕೆ. ವೆಂಕಟಪ್ಪನವರ (1886–1965) ಹೆಸರಿನಿಂದ ಆರಂಭಿಸುವುದು ರೂಢಿಯಾಗಿದೆ. ಆದರೆ ಅವರಿಗೆ ಸಂದ ಗೌರವಕ್ಕೆ ಹೋಲಿಸಿದರೆ ಅವರ ಕೃತಿಗಳಿಗೆ ಸಂದ ವಿಮರ್ಶೆ ಅಲ್ಪವೇ ಸರಿ. ಎರಡು ಸಿದ್ಧ ತೀರ್ಮಾನಗಳು ಈ ವಿಮರ್ಶೆಯನ್ನು ಬಹುಕಾಲದಿಂದ ಕಟ್ಟಿಹಾಕಿವೆ. ಬಂಗಾಳ ಪಂಥದ ದಾಕ್ಷಿಣಾತ್ಯ ಪ್ರತಿನಿಧಿ ಎಂಬುದು ಮೊದಲನೆಯದು. ಯಾರಿಗೂ ಮಣಿಯದ, ಯಾರನ್ನೂ ಹತ್ತಿರ ಸೇರಿಸದ ಹಟವಾದಿ ಎಂಬುದು ಎರಡನೆಯದು. ಮೊದಲನೆಯದು ಅವರನ್ನು ಗುರುವಿನ ನೆರಳಿನಲ್ಲಿ ನಿಲ್ಲಿಸುತ್ತದೆ. ಎರಡನೆಯದು ಕೃತಿಯನ್ನು ಬಿಟ್ಟು ವ್ಯಕ್ತಿಯ ಸುತ್ತ ದಂತಕತೆಗಳನ್ನು ಹೆಣೆಯುತ್ತದೆ. ಚಿತ್ರಗಾರ ಮನೆತನದಿಂದ ಅವರಿಗೆ ಬಂದ ಚಿಕಣಿ ಕೆಲಸದ ಶಿಸ್ತನ್ನು ಕೇಂದ್ರದಲ್ಲಿರಿಸಿ ನೋಡಿದಾಗ ಅವರ ಕಲಾಜೀವನಕ್ಕೆ ಬೇರೆಯೇ ಒಂದು ಏಕಸೂತ್ರತೆ ಕಾಣಿಸುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ವೆಂಕಟಪ್ಪನವರು ಹುಟ್ಟಿದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆಯಲ್ಲಿ. ತಂದೆ ಕೃಷ್ಣಪ್ಪನವರು ಅರಮನೆಯ ಚಿತ್ರಗಾರರು. ಈ ಪರಂಪರೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪಷ್ಟ ರೂಪ ದೊರೆತದ್ದು ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸ್ಥಾನದಲ್ಲಿ. ಒಂಬತ್ತು ನಿಧಿಗಳಾಗಿ ವಿಂಗಡಿಸಲ್ಪಟ್ಟ ‘ಶ್ರೀತತ್ತ್ವನಿಧಿ’ಯ ಸಚಿತ್ರ ಹಸ್ತಪ್ರತಿ, ಗಂಜೀಫ ಎಲೆಗಳು, ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಅದರ ಪ್ರಮುಖ ಸಾಕ್ಷ್ಯಗಳು. ಹುಣಸೆಕಡ್ಡಿಯ ಇದ್ದಲಿನಿಂದ ರೇಖೆ ತೆಗೆಯುವುದು, ಸಫೇದ ಮತ್ತು ರೇವಲ್ ಚಿನ್ನಿ ಹಾಲನ್ನು ಸೇರಿಸಿ ಗೆಸ್ಸೊ ಸಿದ್ಧಪಡಿಸುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು, ಅಳಿಲುಕೂದಲಿನ ಕುಂಚದಿಂದ ಕಣ್ಣು ತೆರೆಸುವುದು ಮುಂತಾದ ಕೆಲಸಗಳನ್ನು ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದರು. ತಂಜಾವೂರಿನ ಎತ್ತರದ ಗೆಸ್ಸೊ ಮತ್ತು ಹರಳುಗಳಿಗೆ ಹೋಲಿಸಿದರೆ ಮೈಸೂರಿನದು ತೆಳುವಾದ ಉಬ್ಬು, ನವುರಾದ ರೇಖೆ. ಮೇಲ್ಮೈಯಿಂದ ಕೂದಲೆಳೆಯಷ್ಟು ಮಾತ್ರ ಏಳುವ ಈ ಉಬ್ಬಿನ ಸಂಸ್ಕಾರವನ್ನು ವೆಂಕಟಪ್ಪನವರ ಕೊನೆಯ ಘಟ್ಟದ ಕೃತಿಗಳನ್ನು ನೋಡುವಾಗ ಮರೆಯಬಾರದು.

ತಂದೆಯೊಡನೆ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗನ ಪ್ರತಿಭೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಗುರುತಿಸಿದರು. ಮೈಸೂರಿನ ಕೈಗಾರಿಕಾ ಶಾಲೆ, ಅನಂತರ ಮದರಾಸಿನ ಕಲಾಶಾಲೆ, 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ - ಇದು ಅವರ ವ್ಯಾಸಂಗದ ಹಾದಿ. ರಾಜಾಶ್ರಯವೇ ಒಬ್ಬ ಚಿತ್ರಗಾರನನ್ನು ಕುಲವೃತ್ತಿಯಿಂದ ಶಾಲಾಶಿಕ್ಷಣಕ್ಕೆ ದಾಟಿಸಿತೆಂಬುದು ಇಲ್ಲಿನ ವಿಶೇಷ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ಮೊಗಲ್ ಚಿಕಣಿ, ಅಜಂತಾ ಮತ್ತು ಜಪಾನಿ ವಾಶ್ ತಂತ್ರಗಳನ್ನು ಬೆಸೆದು ಹೊಸ ಭಾರತೀಯ ಶೈಲಿಯೊಂದನ್ನು ರೂಪಿಸುತ್ತಿದ್ದರು. ನಂದಲಾಲ್ ಬೋಸ್, ಅಸಿತಕುಮಾರ ಹಾಲ್ದಾರ್ ಮೊದಲಾದವರು ವೆಂಕಟಪ್ಪನವರ ಸಹಪಾಠಿಗಳು. ಲೇಡಿ ಹೆರಿಂಗ್‌ಹ್ಯಾಮ್ ಅವರು ಅಜಂತಾ ಭಿತ್ತಿಚಿತ್ರಗಳ ಪ್ರತಿಗಳನ್ನು ತಯಾರಿಸಿದಾಗ ನೆರವಾದವರಲ್ಲಿ ಇವರೂ ಒಬ್ಬರು. ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು ಅವನೀಂದ್ರನಾಥರು ಬರೆದ, 1914ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಪುಸ್ತಿಕೆಯ ರೇಖಾಚಿತ್ರಗಳಲ್ಲಿಯೂ ನಂದಲಾಲರೊಡನೆ ಇವರ ಕೈವಾಡವಿದೆ.

ಈ ಅವಧಿಯ ಬಹುಪ್ರಸಿದ್ಧ ಕೃತಿಗಳೆಂದರೆ ಸೋದರಿ ನಿವೇದಿತಾ ಆರಂಭಿಸಿ, 1911ರಲ್ಲಿ ಅವರು ನಿಧನರಾದ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿ, 1913ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿನ ರಾಮಾಯಣದ ಚಿತ್ರಗಳು. ರಾಮನು ಸೀತೆಗೆ ಮುದ್ರೆಯುಂಗುರವನ್ನು ಕಳುಹಿಸುವ ಚಿತ್ರವನ್ನು ಉದಾಹರಣೆಯಾಗಿ ನೋಡಬಹುದು. ಅದೇ ಗ್ರಂಥಕ್ಕೆ ಚಿತ್ರ ಬರೆದ ಬಂಗಾಳದ ಕಲಾವಿದರಲ್ಲಿ ಬಣ್ಣದ ಮಂಜು ಆಕೃತಿಯ ಅಂಚನ್ನು ಕರಗಿಸುತ್ತದೆ. ವೆಂಕಟಪ್ಪನವರಲ್ಲಿ ಅಂಚು ಕರಗುವುದಿಲ್ಲ. ರೇಖೆಯು ಮೊದಲು ನಿಂತು, ಬಣ್ಣವು ಅದರೊಳಗೆ ಪದರಪದರವಾಗಿ ತುಂಬಿಕೊಳ್ಳುತ್ತದೆ. ಇದು ಚಿತ್ರಗಾರನ ಕ್ರಮ. ಗುರುವಿನಿಂದ ಭಾವಲಯವನ್ನು ಸ್ವೀಕರಿಸಿದ ಶಿಷ್ಯನು ಕೈಯ ಕ್ರಮವನ್ನು ಮಾತ್ರ ಮನೆಯಿಂದಲೇ ತಂದಿದ್ದನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಬಂಗಾಳ ಪಂಥದ ಪ್ರತಿನಿಧಿ ಎಂಬ ವಿವರಣೆ ಅರ್ಧಸತ್ಯವಾಗುವುದು ಇಲ್ಲಿಯೇ.

1916ರಲ್ಲಿ ಮೈಸೂರಿಗೆ ಹಿಂದಿರುಗಿದ ಮೇಲೆ ಅವರು ಆನೆದಂತದ ಮೇಲೆ ರಚಿಸಿದ ಭಾವಚಿತ್ರಗಳು ಈ ಶಿಸ್ತಿನ ಕಠಿಣ ಪರೀಕ್ಷೆಗಳು. ದಂತದ ತೆಳು ಹಲಗೆ ಬಣ್ಣವನ್ನು ಸುಲಭವಾಗಿ ಹೀರುವುದಿಲ್ಲ. ತಪ್ಪಿದರೆ ತಿದ್ದುವುದು ಕಷ್ಟ. ಮೈಬಣ್ಣವನ್ನು ಬಿಂದುಬಿಂದುವಾಗಿಯೇ ಕಟ್ಟಬೇಕು. ಛಾಯಾಚಿತ್ರವು ಭಾವಚಿತ್ರಕಾರನ ಜೀವನೋಪಾಯವನ್ನು ಕಸಿದುಕೊಂಡಿದ್ದ ಕಾಲದಲ್ಲಿ ಇಂಥ ಮಾಧ್ಯಮವನ್ನು ಆರಿಸಿಕೊಂಡದ್ದು ಮೇಲ್ನೋಟಕ್ಕೆ ಹಿಮ್ಮುಖ ಚಲನೆಯಾಗಿ ತೋರಬಹುದು. ವಾಸ್ತವದಲ್ಲಿ ಕ್ಯಾಮೆರಾ ತೋರುವ ವಿವರಗಳ ನಡುವೆ ಆಯ್ಕೆ ಮಾಡುವ ಕಣ್ಣನ್ನು ಈ ಕೆಲಸವು ಹರಿತಗೊಳಿಸಿತು.

ಆ ಕಣ್ಣಿನ ಫಲವನ್ನು 1920 ಮತ್ತು 30ರ ದಶಕಗಳ ಊಟಿ ಹಾಗೂ ಕೊಡೈಕೆನಾಲ್ ದೃಶ್ಯಚಿತ್ರಗಳಲ್ಲಿ ಕಾಣಬಹುದು. ಪುರಾಣಪುರುಷರು ಇಲ್ಲಿಲ್ಲ, ಬೆಟ್ಟ, ಕೆರೆ, ಮಂಜು, ಬೆಳದಿಂಗಳು ಇವೆ. ಜಲವರ್ಣದ ದೃಶ್ಯಚಿತ್ರವೆಂದೊಡನೆ ನೆನಪಾಗುವ ಇಂಗ್ಲಿಷ್ ಮಾದರಿಯ ಶೀಘ್ರ ಹಸ್ತಚಾಲನೆ ಈ ಚಿತ್ರಗಳಲ್ಲಿಲ್ಲ. ಬೆಳದಿಂಗಳಿನ ಊಟಿಯನ್ನು ತೋರುವ ಚಿತ್ರದಲ್ಲಿ ಕತ್ತಲೆಯು ಒಂದೇ ಬಳಿತದಿಂದ ಬಂದುದಲ್ಲ. ಒಂದರ ಮೇಲೊಂದು ಕೂತ ತಿಳಿಬಣ್ಣಗಳಿಂದ ನಿಧಾನವಾಗಿ ಸಾಂದ್ರಗೊಂಡದ್ದು. ದಂತದ ಮೇಲೆ ಮುಖವೊಂದನ್ನು ಕಟ್ಟಿದ ತಾಳ್ಮೆಯಿಂದಲೇ ಇಲ್ಲಿ ಬೆಟ್ಟದ ಇಳಿಜಾರನ್ನು ಕಟ್ಟಲಾಗಿದೆ. ಅವರ ಅತ್ಯುತ್ತಮ ಸಾಧನೆಯನ್ನು ಪುರಾಣಚಿತ್ರಗಳಲ್ಲಿ ಹುಡುಕುವ ವಾಡಿಕೆಯನ್ನು ಕೈಬಿಟ್ಟು ಈ ದೃಶ್ಯಗಳಲ್ಲಿ ಹುಡುಕುವುದೇ ಉಚಿತ. ಪುರಾಣಚಿತ್ರಗಳಲ್ಲಿ ಭಂಗಿಯು ಕೆಲವೊಮ್ಮೆ ಕಲಿತ ಪಾಠದಂತೆ ಬಿಗಿಯಾಗುತ್ತದೆ. ದೃಶ್ಯಚಿತ್ರಗಳಲ್ಲಿ ಪಾಠವು ಮರೆಯಾಗಿ ನೋಟವೊಂದೇ ಉಳಿಯುತ್ತದೆ.

ಇದೇ ಕಾಲದಲ್ಲಿ ಅವರು ವೀಣೆ ಶೇಷಣ್ಣನವರಲ್ಲಿ (1852–1926) ವೀಣಾಭ್ಯಾಸವನ್ನು ತೀವ್ರವಾಗಿ ಕೈಗೊಂಡಿದ್ದರು. ಚಿತ್ರವೋ ಸಂಗೀತವೋ ಎಂಬ ಆಂತರಿಕ ಸಂಘರ್ಷವನ್ನು ‘ವೀಣೆಯ ಹುಚ್ಚು’ ಎಂಬ ಆತ್ಮಕಥನಾತ್ಮಕ ಚಿತ್ರದಲ್ಲಿ ತಾವೇ ವಸ್ತುವಾಗಿಸಿದರು. ಪರಂಪರೆಯ ಚಿತ್ರಗಾರನು ತನ್ನನ್ನು ತಾನು ಚಿತ್ರದ ವಸ್ತುವಾಗಿಸುವುದು ವಿರಳ. ಹೆಸರನ್ನು ಬರೆಯುವುದೂ ವಿರಳವೇ. ಈ ಚಿತ್ರದಲ್ಲಿ ಆಸ್ಥಾನದ ಕೈಕೆಲಸಗಾರನು ತನ್ನ ಇಕ್ಕಟ್ಟನ್ನು ತಾನೇ ನುಡಿಯುವ ವ್ಯಕ್ತಿಯಾಗಿ ಪರಿವರ್ತನೆ ಹೊಂದಿರುವುದು ಗಮನಾರ್ಹ.

ಆ ಪರಿವರ್ತನೆಯ ಬೆಲೆಯನ್ನು ಮೈಸೂರು ಅರಮನೆಗಾಗಿ ಕೈಗೊಂಡ ಉಬ್ಬುಶಿಲ್ಪಗಳ ಪ್ರಕರಣವು ತೋರಿಸುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ರೂಪಿಸಿದ ಈ ಫಲಕಗಳನ್ನು ಚಿತ್ರಕಾರನೊಬ್ಬನ ಶಿಲ್ಪಪ್ರಯೋಗವೆಂದು ವರ್ಣಿಸುವುದು ಸಾಮಾನ್ಯ. ಆದರೆ ಮೇಲ್ಮೈಯನ್ನು ಬಿಟ್ಟು ಹೆಚ್ಚು ಏಳದ, ರೇಖೆಯನ್ನೇ ನೆಚ್ಚಿದ ಇವುಗಳ ರಚನೆಯಲ್ಲಿ ಮೈಸೂರು ಗೆಸ್ಸೊದ ಸಂಸ್ಕಾರವೇ ದೊಡ್ಡ ಅಳತೆಯಲ್ಲಿ ಮರಳಿ ಬಂದಿದೆ ಎನ್ನುವುದು ಹೆಚ್ಚು ಸಮಂಜಸ. 1940ರಲ್ಲಿ ನಾಲ್ವಡಿಯವರು ನಿಧನರಾದಾಗ ಕೆಲಸವಿನ್ನೂ ಮುಗಿದಿರಲಿಲ್ಲ. ಅರಸರ ಮಾತೇ ಒಪ್ಪಂದವಾಗಿದ್ದ ಲೋಕವೊಂದು ಅವರೊಡನೆ ಅಸ್ತಮಿಸಿತು. ಪ್ರತಿಫಲದ ಪ್ರಶ್ನೆಯ ಮೇಲೆ ವೆಂಕಟಪ್ಪನವರು ಅರಮನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಇದನ್ನು ಅವರ ಮುಂಗೋಪಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರ ತಮ್ಮ ಅಧ್ಯಯನದಲ್ಲಿ ಕಲಾವಿದ ಮತ್ತು ಅವನ ಸಾರ್ವಜನಿಕರ ನಡುವಣ ಸಂಬಂಧದ ನೆಲೆಯಿಂದ ವೆಂಕಟಪ್ಪನವರನ್ನು ಪರಿಶೀಲಿಸಿದ ಬಳಿಕ ಆ ಸರಳ ವಿವರಣೆ ನಿಲ್ಲಲಾರದು. ಅಪ್ಪನ ಕಾಲದಲ್ಲಿ ಮರ್ಯಾದೆಯಾಗಿ ಬರುತ್ತಿದ್ದುದನ್ನು ಮಗನು ಹಕ್ಕಾಗಿ ಕೇಳಿದನು. ಅರಮನೆಯೇ ಓದಿಸಿ ರೂಪಿಸಿದ ಚಿತ್ರಗಾರನು ಅದೇ ಅರಮನೆಯನ್ನು ಪ್ರತಿವಾದಿಯಾಗಿಸಿದ ಈ ಘಟನೆಯು ಕರ್ನಾಟಕದಲ್ಲಿ ಕಲಾವಿದನ ವೃತ್ತಿಸ್ಥಾನದ ಚರಿತ್ರೆಗೆ ಮುಖ್ಯವಾದುದು.

ಇಷ್ಟಾದರೂ ಅವರ ಜೀವನದ ಮಿತಿಯನ್ನು ಮುಚ್ಚಿಡುವುದು ವಿಮರ್ಶೆಗೆ ಸಲ್ಲದು. ಅವರು ಶಿಷ್ಯಪರಂಪರೆಯನ್ನು ಬೆಳೆಸಲಿಲ್ಲ. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ಕಲಾಶಾಲೆಯೊಂದನ್ನು ಕಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯ ಶಿಕ್ಷಣಕ್ರಮವನ್ನು ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗರಿಗೆ ತಲುಪಿಸಿದರು. ಕೆಲಗೇರಿಯಂಥ ಊರಿನ ಹುಡುಗನಿಗೆ ಚಿತ್ರ ಕಲಿಯಲು ಹತ್ತಿರದಲ್ಲೇ ಒಂದು ಬಾಗಿಲು ತೆರೆದದ್ದು ಹಾಗೆ. ಹಾಲಭಾವಿಯವರ ಚಿತ್ರಗಳಿಗಿಂತ ಅವರ ಶಾಲೆ ಹೆಚ್ಚು ದೂರ ಸಾಗಿತು. ವೆಂಕಟಪ್ಪನವರ ಚಿತ್ರಗಳು ಉಳಿದವು, ಅವನ್ನು ರಚಿಸಿದ ಕೈಯ ವಿದ್ಯೆ ಅವರೊಡನೆಯೇ ಕೊನೆಗೊಂಡಿತು. ಮನೆಯೇ ಪಾಠಶಾಲೆಯಾಗಿದ್ದ ಪರಂಪರೆಯಿಂದ ಬಂದ, ಆಜನ್ಮ ಅವಿವಾಹಿತರಾಗಿಯೇ ಉಳಿದ ಈ ಕಲಾವಿದರು ಮನೆಯ ಪಾಠವನ್ನು ಶಾಲೆಯ ಪಾಠವಾಗಿ ಮಾರ್ಪಡಿಸಲಿಲ್ಲ. ಶ್ರೇಷ್ಠತೆಯ ಬಗೆಗಿನ ಅವರ ನಿಷ್ಠುರತೆಯೇ ಅದರ ಹರಡುವಿಕೆಗೆ ಅಡ್ಡಿಯಾಯಿತು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ ವೆಂಕಟಪ್ಪ ಚಿತ್ರಶಾಲೆಯು ಅವರ ಕೃತಿಗಳಿಗೆ ನೆಲೆಯಾಯಿತು. 2016ರಲ್ಲಿ ಈ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆಯ ವಿರುದ್ಧ ನಾಡಿನ ಕಲಾವಿದರು ಒಗ್ಗೂಡಿ ದನಿಯೆತ್ತಿದರು. ಒಬ್ಬ ಶಿಷ್ಯನನ್ನೂ ಹತ್ತಿರ ಸೇರಿಸಲಿಲ್ಲವೆಂದು ಹೆಸರಾದ ವ್ಯಕ್ತಿಯ ಹೆಸರಿನ ಚಿತ್ರಶಾಲೆಯನ್ನು ಅನೇಕ ತಲೆಮಾರುಗಳ ಕಲಾವಿದರು ತಮ್ಮದೆಂದು ಭಾವಿಸಿದರೆಂಬುದು ಅರ್ಥಪೂರ್ಣವಾಗಿದೆ. ಆದರೆ ಕಟ್ಟಡದ ಮೇಲಿನ ಹಕ್ಕಿನಷ್ಟೇ ಅದರೊಳಗಿನ ಕೃತಿಗಳ ಮೇಲಿನ ಗಮನವೂ ಅಗತ್ಯ. ದಂತದ ಭಾವಚಿತ್ರದಿಂದ ಊಟಿಯ ಬೆಳದಿಂಗಳವರೆಗೆ, ಅಲ್ಲಿಂದ ಪ್ಲಾಸ್ಟರ್ ಫಲಕದವರೆಗೆ ಹರಿದಿರುವ ಒಂದೇ ಕೈಯ ಶಿಸ್ತನ್ನು ಕೃತಿಕೃತಿಯನ್ನೂ ಹತ್ತಿರದಿಂದ ನೋಡಿ ದಾಖಲಿಸುವ ಕೆಲಸವು ಪೂರ್ಣಗೊಂಡಾಗ, ವೆಂಕಟಪ್ಪನವರನ್ನು ಬಂಗಾಳದ ಶಿಷ್ಯನೆಂದೋ ಮೈಸೂರಿನ ಹಟವಾದಿಯೆಂದೋ ಕರೆಯುವ ಅಗತ್ಯ ಉಳಿಯುವುದಿಲ್ಲ. ಚಿತ್ರಗಾರರೆಂಬ ಅವರ ಮನೆತನದ ಹೆಸರೇ ಅವರಿಗೆ ಸಾಕಾಗುತ್ತದೆ.