ದೀಕ್ಷಾಸ್ನಾನದ ದಾಖಲೆಯೂ ವಿವಾಹಬಾಹಿರ ಜನನಗಳೂ

1538ರಲ್ಲಿ ಥಾಮಸ್ ಕ್ರಾಮ್ವೆಲ್‌ನ ಆಜ್ಞೆಯ ಮೇರೆಗೆ ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್ ಸಭೆಯೂ ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ದಾಖಲಿಸಬೇಕಾಯಿತು. ಚರಿತ್ರಕಾರ ಪೀಟರ್ ಲಾಸ್ಲೆಟ್ 1977ರಲ್ಲಿ ಪ್ರಕಟಿಸಿದ ‘ಫ್ಯಾಮಿಲಿ ಲೈಫ್ ಅಂಡ್ ಇಲ್ಲಿಸಿಟ್ ಲವ್ ಇನ್ ಅರ್ಲಿಯರ್ ಜನರೇಷನ್ಸ್’ ಎಂಬ ಗ್ರಂಥವು ಈ ದಾಖಲೆಗಳಿಂದಲೇ ವಿವಾಹಬಾಹಿರ ಜನನಗಳನ್ನು ಲೆಕ್ಕಹಾಕುತ್ತದೆ. ಸಭೆಯ ಬರಹವೇ ಅದಕ್ಕೆ ಆಧಾರವಾಗಿರುವುದರಿಂದ ದೇವಶಾಸ್ತ್ರದ ದೃಷ್ಟಿಯಿಂದಲೂ ಅದನ್ನು ಪರಾಮರ್ಶಿಸುವುದು ಯುಕ್ತ.

ವಿವಾಹ ತಡವಾದಷ್ಟೂ ವ್ಯಭಿಚಾರ ಹೆಚ್ಚುವುದೆಂದು ಅನೇಕರು ಭಾವಿಸುತ್ತಾರೆ. ಅಂಕಿಗಳು ಹೇಳುವುದು ಬೇರೆ. 1600ರ ಸುಮಾರಿಗೆ ನೂರಕ್ಕೆ 3ರಷ್ಟಿದ್ದ ಇಂಥ ಜನನಗಳು 1650ರ ದಶಕದಲ್ಲಿ 1ಕ್ಕಿಂತ ಕೆಳಗಿಳಿದು, 1800ರ ಹೊತ್ತಿಗೆ 5ರಷ್ಟಾದವು. ರಿಗ್ಲಿ ಮತ್ತು ಸ್ಕೋಫೀಲ್ಡ್ 1981ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಜನಸಂಖ್ಯಾ ಚರಿತ್ರೆಯೊಡನೆ ಇದನ್ನು ಹೋಲಿಸಿದರೆ ಅರ್ಥ ಸ್ಪಷ್ಟವಾಗುತ್ತದೆ. 17ನೆಯ ಶತಮಾನದಲ್ಲಿ ಸ್ತ್ರೀಯರು ಸರಾಸರಿ 26ನೆಯ ವಯಸ್ಸಿನಲ್ಲಿ ವಿವಾಹವಾಗುತ್ತಿದ್ದರು. ಅವಿವಾಹಿತರಾಗಿ ಉಳಿದವರೂ ಅನೇಕರು. ಆ ಶತಮಾನದ ಉತ್ತರಾರ್ಧದಲ್ಲಿ ಜನಸಂಖ್ಯೆ ಬೆಳೆಯಲಿಲ್ಲ, ವಿವಾಹಬಾಹಿರ ಜನನಗಳೂ ವಿರಳವಾಗಿದ್ದವು. ಮುಂದಿನ ಶತಮಾನದಲ್ಲಿ ವಿವಾಹದ ವಯಸ್ಸು ಇಳಿದಂತೆ ಎರಡೂ ಏರಿದವು. ಜನಸಂಖ್ಯೆಯ ಏರಿಕೆಗೆ ಮುಖ್ಯ ಕಾರಣ ವಿವಾಹಗಳೇ; ವಿವಾಹಬಾಹಿರ ಜನನಗಳ ನೇರ ಪಾಲು ಅಲ್ಪ. ಇಂಥ ಮಕ್ಕಳಲ್ಲಿ ಅನೇಕರು ನಿಶ್ಚಯವಾಗಿಯೂ ನಡೆಯದೆ ಹೋದ ವಿವಾಹಗಳ ಫಲವೆಂದು ಊಹಿಸಲು ಇದು ಎಡೆಮಾಡುತ್ತದೆ.

ಈ ನಿರೂಪಣೆಯೇ ಗ್ರಂಥದ ಹಿರಿಮೆ. ಆದರೆ 1653ರಲ್ಲಿ ಜನನ ನೋಂದಣಿಯು ಪಾದ್ರಿಗಳ ಕೈತಪ್ಪಿದುದರಿಂದ ಆ ದಶಕದ ಅಂಕಿಯನ್ನು ಎಚ್ಚರಿಕೆಯಿಂದ ಬಳಸಬೇಕು. ಇಂಥ ಜನನಗಳು ಮರುಕಳಿಸುವ ಒಂದು ಉಪಸಮಾಜವಿತ್ತೆಂಬ ಲಾಸ್ಲೆಟ್ಟರ ಕಲ್ಪನೆ ಇನ್ನೂ ಹೆಚ್ಚು ಚರ್ಚಾರ್ಹ. 1576ರ ಶಾಸನವು ಮಗುವಿನ ಪೋಷಣೆಯ ವೆಚ್ಚವನ್ನು ತಂದೆತಾಯಿಗಳಿಂದ ವಸೂಲು ಮಾಡುವ ಅಧಿಕಾರವನ್ನು ನ್ಯಾಯಾಧಿಕಾರಿಗಳಿಗೆ ನೀಡಿತ್ತು. ಆದುದರಿಂದ ಪ್ಯಾರಿಷಿಗೆ ಹೊರೆಯಾಗಬಹುದಾದ ಬಡವರ ಮಕ್ಕಳ ಹುಟ್ಟನ್ನು ಗುರುತಿಸಿಡಲು ಹಣದ ಕಾರಣವೂ ಇತ್ತು. ಹಾಗೆ ಗುರುತಿಸಲ್ಪಟ್ಟವರನ್ನೇ ಒಂದು ಪ್ರತ್ಯೇಕ ಸಮಾಜವೆಂದು ಕರೆದರೆ, ಬರೆದವರ ತೀರ್ಪನ್ನು ಚರಿತ್ರಕಾರನೂ ಒಪ್ಪಿಕೊಂಡಂತಾಗುತ್ತದೆ.

ಆ ದಾಖಲೆಗಳು ಇಂಥ ಮಗುವನ್ನು ಕೆಲವೊಮ್ಮೆ ಲ್ಯಾಟಿನ್ ಭಾಷೆಯಲ್ಲಿ ‘ಜನರ ಮಗ’ ಎಂದು ಕರೆದವು. ತಂದೆಯ ದೋಷವನ್ನು ಮಗನು ಹೊರುವುದಿಲ್ಲವೆಂಬುದು ಯೆಹೆಜ್ಕೇಲನು 18ನೆಯ ಅಧ್ಯಾಯದಲ್ಲಿ ಸಾರುವ ಉಪದೇಶ. ಮತ್ತಾಯನು ತಾಮಾರಳನ್ನೂ ಊರೀಯನ ಹೆಂಡತಿಯನ್ನೂ ಕ್ರಿಸ್ತನ ವಂಶಾವಳಿಯಿಂದ ಮರೆಮಾಡಲಿಲ್ಲ. ಆದರೂ ಸಭೆಯು ಹೊಸಜನ್ಮದ ಸಂಸ್ಕಾರವನ್ನು ದಾಖಲಿಸುವ ಪುಸ್ತಕದಲ್ಲಿಯೇ ಹಳೆಯ ಕಳಂಕವನ್ನೂ ಬರೆದಿಟ್ಟಿತು. ಲಾಸ್ಲೆಟ್ಟರು ಈ ವೈರುಧ್ಯವನ್ನು ವಿಚಾರಿಸುವುದಿಲ್ಲ. ಅದು ಅವರ ಕ್ಷೇತ್ರವೂ ಅಲ್ಲ. ಅವರ ಅಂಕಿಗಳನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಿಸುವ ಹೊಣೆ ದೇವಶಾಸ್ತ್ರದ್ದು, ದಾಖಲೆಯನ್ನು ಬರೆಯುವ ಸಭಾಪಾಲಕರದ್ದು.