ಊರು, ಕೇರಿ ಮತ್ತು ವಸತಿಗೃಹ

ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರುವ ತರುಣನಿಗೆ ಅಲ್ಲಿ ಎದುರಾಗುವ ಪರೀಕ್ಷೆಯು ಪುಸ್ತಕದ್ದು ಮಾತ್ರವಲ್ಲ. ಯಾರ ಪಂಕ್ತಿಯಲ್ಲಿ ಉಣ್ಣಬೇಕು, ಯಾರೊಡನೆ ನಡೆಯಬೇಕು, ಸಭೆಯಲ್ಲಿ ಎದ್ದು ನಿಂತರೆ ಯಾರ ಪರವಾಗಿ ನುಡಿಯಬೇಕು ಎಂಬ ಪ್ರಶ್ನೆಗಳಿಗೆ ಯಾವ ಪಠ್ಯದಲ್ಲಿಯೂ ಉತ್ತರವಿರುವದಿಲ್ಲ. ಕನ್ನಡದ ಆತ್ಮವೃತ್ತಗಳಲ್ಲಿ ಈ ಪ್ರಶ್ನೆಗಳನ್ನು ನಗುನಗುತ್ತ ಎತ್ತಿಕೊಂಡ ಗ್ರಂಥವೊಂದಿದ್ದರೆ ಅದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಅದರ ಮೊದಲ ಭಾಗವು ಕಳೆದ ಶತಮಾನದ ಕೊನೆಯ ದಶಕದಲ್ಲಿ ಪ್ರಕಟವಾಯಿತು.

ಗ್ರಂಥಕರ್ತರು 1954ರಲ್ಲಿ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ, ದಲಿತರ ಕೇರಿಯಲ್ಲಿ ಹುಟ್ಟಿದರು. ಗ್ರಂಥದ ಆರಂಭದ ಚಿತ್ರವನ್ನು ಒಮ್ಮೆ ಓದಿದವರು ಮರೆಯಲಾರರು. ಇಬ್ಬರು ಮನುಷ್ಯರು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ನೇಗಿಲೆಳೆಯುತ್ತಿರುವರು. ನೋಡುವ ಬಾಲಕನಿಗೆ ಅದೊಂದು ವಿನೋದವೆಂಬಂತೆ ತೋರುವದು. ಆ ಇಬ್ಬರಲ್ಲಿ ಒಬ್ಬನು ತನ್ನ ತಂದೆಯೆಂದು ಅನಂತರ ಅರಿವಾಗುವದು. ಇಲ್ಲಿ ಕಣ್ಣೀರಿಗೆ ಕರೆಯುವ ಒಂದು ವಿಶೇಷಣವೂ ಬೇಕಾಗಿಲ್ಲ. ಮಲಪ್ರಭೆಯ ಸೀಮೆಯ ಎರೆಹೊಲಗಳಲ್ಲಿ ನೊಗದ ಭಾರವೆಷ್ಟೆಂಬುದನ್ನು ಕಂಡಿರುವ ಸುರೇಬಾನ, ಮನಿಹಾಳಗಳ ವಾಚಕರಿಗಂತೂ ಇದಕ್ಕೆ ಟೀಕೆಯೇ ಬೇಡ.

ಗ್ರಂಥದ ಹೆಸರು ಊರು, ಕೇರಿ ಎಂಬ ಎರಡು ನೆಲೆಗಳನ್ನು ಹೇಳುತ್ತದೆ. ಆದರೆ ಕಥನದ ಜೀವವು ಇರುವದು ಹೆಸರಿನಲ್ಲಿಲ್ಲದ ಮೂರನೆಯ ನೆಲೆಯಲ್ಲಿ, ಬೆಂಗಳೂರಿನ ವಿದ್ಯಾರ್ಥಿ ವಸತಿಗೃಹದಲ್ಲಿ. ಅದು ಊರಲ್ಲ, ಅಲ್ಲಿ ಗೌಡನಿಲ್ಲ, ಬಾವಿಯ ತಂಟೆಯಿಲ್ಲ. ಕೇರಿಯೂ ಅಲ್ಲ, ಅಲ್ಲಿಗೆ ಬಂದವರು ಬೇರೆಬೇರೆ ಕೇರಿಗಳಿಂದ ಬಂದು, ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳಿ, ತನ್ನೊಬ್ಬನ ದುರ್ದೈವವೆಂದು ತಿಳಿದದ್ದು ಎಲ್ಲರ ಪಾಲಿನದೆಂದು ಕಂಡುಕೊಳ್ಳುವರು. ಸಂಘಟನೆಯೆಂಬುದು ಮೊದಲು ಮೊಳೆಯುವದು ಇಂಥ ಊಟದ ಮನೆಗಳಲ್ಲಿ. ಓದಲು ಏಕಾಂತ ಬೇಕೆನಿಸಿದಾಗ ಈ ವಿದ್ಯಾರ್ಥಿಯು ಹುಡುಕಿಕೊಂಡ ಸ್ಥಳವಾದರೋ ಸ್ಮಶಾನ! ಗೋರಿಗಳ ನಡುವೆ ಕುಳಿತು ಓದಿ ಬರೆದ ಸಂಗತಿಯನ್ನು ಅವರು ಉದ್ಯಾನದಲ್ಲಿ ಕುಳಿತವರಂತೆ ನಿರಾಳವಾಗಿ ಹೇಳುತ್ತಾರೆ.

ವಸತಿಗೃಹದ ಮಹಿಮೆಯು ಈ ಭಾಗದವರಿಗೆ ಹೊಸದಲ್ಲ. ಧಾರವಾಡದ ಮುರುಘಾಮಠದ ಪ್ರಸಾದನಿಲಯವು ಹಳ್ಳಿಗಳಿಂದ ಬಂದ ಎಷ್ಟೋ ಬಡ ಹುಡುಗರಿಗೆ ಅನ್ನವಿಕ್ಕಿ ಓದಿಸಿತು; ಅಲ್ಲಿ ಉಂಡವರು ಮುಂದೆ ನಾಡಿನ ಮುಂದಾಳುಗಳಾದರು. ಅನ್ನವೂ ಅಕ್ಷರವೂ ಒಂದೇ ಸೂರಿನಡಿ ದೊರೆತಲ್ಲಿ ಹುಡುಗನಿಗೆ ನಾಲಗೆ ಬರುವದು.

ಸಿದ್ಧಲಿಂಗಯ್ಯನವರಿಗೆ ಬಂದ ನಾಲಗೆ ಚರ್ಚಾಸ್ಪರ್ಧೆಗಳಲ್ಲಿ ಹರಿತವಾಯಿತು. ಕಾಲೇಜಿನಲ್ಲಿ ದೊಡ್ಡಬಳ್ಳಾಪುರದ ನೇಕಾರರ ಮನೆತನದ ಡಿ. ಆರ್. ನಾಗರಾಜರ ಗೆಳೆತನವಾಯಿತು. 1973ರ ನವಂಬರದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವು ಬೂಸಾ ಎಂದಾಗ ರಾಜ್ಯದ ಕಾಲೇಜುಗಳು ಹೊತ್ತಿಕೊಂಡವು. ಸಚಿವರ ಪಕ್ಷ ವಹಿಸಿ ನಿಂತ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಆ ಗದ್ದಲವೇ ಬಹುಮಟ್ಟಿಗೆ ಕಾರಣವಾಯಿತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಹೊರಬಂದಾಗ ಕವಿಗೆ ಇಪ್ಪತ್ತೊಂದು ವರ್ಷ.

ಆ ಕವಿತೆಗಳ ಬೆಂಕಿಯನ್ನು ಬಲ್ಲ ವಾಚಕನು ‘ಊರುಕೇರಿ’ಯನ್ನು ತೆರೆದರೆ ಬೆರಗಾಗುತ್ತಾನೆ. ಅಲ್ಲಿ ಸಿಟ್ಟಿಲ್ಲ, ಇರುವದು ನಗೆ. ನಾಗರಾಜರು ಗ್ರಂಥಕ್ಕೆ ಬರೆದ ಹಿನ್ನುಡಿಯಲ್ಲಿ ಇದನ್ನು ಬಡವರ ನಗುವಿನ ಶಕ್ತಿಯೆಂದು ಗುರುತಿಸಿದರು. ಮಾತು ಸರಿ; ಆದರೂ ಅದಕ್ಕೆ ಒಂದನ್ನು ಕೂಡಿಸಬೇಕು. ಈ ನಗೆಯು ಮುಂದಾಳುತನದ ಸಾಧನವೂ ಹೌದು. ಭಯಪಟ್ಟ ನಾಲ್ವರನ್ನು ನಗಿಸಬಲ್ಲವನ ಹಿಂದೆ ಆ ನಾಲ್ವರು ನಡೆಯುತ್ತಾರೆ. ತಾನು ನಾಯಕನೆಂದು ಗ್ರಂಥಕರ್ತರು ಎಲ್ಲಿಯೂ ಎದೆ ತಟ್ಟಿಕೊಂಡಿಲ್ಲ. ತನ್ನ ಅಂಜಿಕೆಯನ್ನೂ ಪೇಚಾಟವನ್ನೂ ಮೊದಲು ಹೇಳಿ, ಗೆಲವನ್ನು ಮಾತಿನ ಅಂಚಿನಲ್ಲಿ ಇಟ್ಟುಬಿಡುತ್ತಾರೆ.

ದೂರದ ಒಂದು ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುವದು. ಅಮೇರಿಕೆಯಲ್ಲಿ ಮೆಕ್ಸಿಕೋದಿಂದ ಬಂದು ನೆಲೆಸಿದವರ ಮಗನಾದ ರಿಚರ್ಡ್ ರಾಡ್ರಿಗಸ್ 1982ರಲ್ಲಿ ‘ಹಂಗರ್ ಆಫ್ ಮೆಮರಿ’ ಎಂಬ ಆತ್ಮವೃತ್ತವನ್ನು ಪ್ರಕಟಿಸಿದನು. ಮನೆಯ ಸ್ಪ್ಯಾನಿಷ್ ನುಡಿಯನ್ನು ಬಿಟ್ಟು ಇಂಗ್ಲಿಷನ್ನು ಹಿಡಿದು, ಓದಿದಂತೆಲ್ಲ ತಾಯಿತಂದೆಗಳಿಂದ ದೂರ ಸರಿದು, ಕೊನೆಗೆ ಒಂಟಿಯಾದವನ ಕಥೆಯದು. ಮೀಸಲಾತಿಯಂಥ ಸಹಾಯವನ್ನು ಅವನು ವಿರೋಧಿಸಿದನು. ಗದ್ಯವು ಸುಂದರ, ಆದರೆ ಮನೆ ತಣ್ಣಗಿದೆ. ಸಿದ್ಧಲಿಂಗಯ್ಯನವರಿಗೆ ಆ ದಂಡ ತೆರಬೇಕಾಗಲಿಲ್ಲ. ಕೇರಿಯ ನುಡಿಯೇ ಕವಿತೆಯ ನುಡಿಯಾಯಿತು; ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಅವರು ಆರಿಸಿಕೊಂಡ ವಿಷಯವೂ ಗ್ರಾಮದೇವತೆಗಳೇ. ನಮ್ಮ ಉತ್ತರ ಭಾಗದವರೇ ಆದ, ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಇವೆರಡರ ನಡುವೆ ನಿಲ್ಲುವದು. ಸರಕಾರದ ಸಹಾಯದಿಂದ ಓದಿದವನಿಗೆ ಅಂಟಿದ ಚುಚ್ಚುಮಾತನ್ನೇ ಅದು ಶಿರೋನಾಮೆಯಾಗಿ ಧರಿಸಿದೆ. ಅಲ್ಲಿ ಗಾಯ ಇನ್ನೂ ಹಸಿ.

‘ಊರುಕೇರಿ’ಗೆ ಕೊರತೆಗಳುಂಟು. ಪ್ರಸಂಗದ ಮೇಲೆ ಪ್ರಸಂಗ ಓಡುವದರಿಂದ ಕಾಲಾನುಕ್ರಮವು ಮಸಕಾಗುತ್ತದೆ. ನಿಂತು ತೂಗಬೇಕಾದ ಸ್ಥಳದಲ್ಲಿ ನಗೆಯು ಕೈಹಿಡಿದು ಮುಂದಕ್ಕೆ ಎಳೆದೊಯ್ಯುವದು. 1988ರಲ್ಲಿ ವಿಧಾನ ಪರಿಷತ್ತನ್ನು ಸೇರಿದವರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಅವರು. ಚಳವಳಿಯಿಂದ ಅಧಿಕಾರದ ಕಡೆಗೆ ನಡೆದ ದಾರಿಯ ಲೆಕ್ಕವನ್ನು ಇನ್ನಷ್ಟು ನಿಷ್ಠುರವಾಗಿ ಕೊಡಬಹುದಾಗಿತ್ತು. 2021ರ ಜೂನ್ 11ರಂದು ಕೊರೋನಾ ಬೇನೆಯಿಂದ ಅವರು ತೀರಿಕೊಂಡ ಮೇಲೆ ಆ ಲೆಕ್ಕವನ್ನು ಕೇಳುವಂತೆಯೂ ಇಲ್ಲ. ವಸತಿಗೃಹದ ಗೆಳೆಯರು ಸಹ ಒಂದೊಂದು ಪ್ರಸಂಗದಲ್ಲಿ ಬಂದು, ನಗಿಸಿ ಮರೆಯಾಗುತ್ತಾರೆ. ಅದೇ ಪಂಕ್ತಿಯಲ್ಲಿ ಉಂಡು, ಕವಿಗಳೂ ಆಗದೆ, ಶಾಸಕರೂ ಆಗದೆ ತಮ್ಮತಮ್ಮ ಕೇರಿಗಳಿಗೆ ಮರಳಿದ ಅವರ ಕಥೆಯನ್ನು ಬೇರೊಬ್ಬರು ಬರೆಯಬೇಕಾಗಿದೆ.