ಮೂವರು ನುಡಿಸಿದ ಮೂವತ್ತು ಪಿಟೀಲು

ಕೆಲವು ವರ್ಷಗಳ ಹಿಂದೆ ಒಂದು ಭಾವಗೀತೆ ಆಲ್ಬಮ್ಮಿನ ಬಗ್ಗೆ ಬರೆಯುತ್ತ, ‘ಮೂವತ್ತು ಪಿಟೀಲುಗಳ ಮೇಳ ಹಾಡಿನ ಬೆನ್ನಿಗೆ ನಿಂತಿದೆ’ ಎಂದು ಹೊಗಳಿದ್ದೆ. ಲೇಖನ ಬಂದ ಮಾರನೇ ದಿನ ಆ ಹಾಡುಗಳಿಗೆ ನುಡಿಸಿದ್ದ ಹಿರಿಯ ವಾದಕರೊಬ್ಬರು ಫೋನ್ ಮಾಡಿದರು. “ಸಾರ್, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಅಲ್ಲಿದ್ದದ್ದು ನಾವು ಮೂರೇ ಜನ. ಮಿಕ್ಕ ಇಪ್ಪತ್ತೇಳೂ ನಾವೇ!” ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ನಗು ಬರಲಿಲ್ಲ. ಸಂಗೀತದ ಬಗ್ಗೆ ಬರೆಯುವವನ ಬಂಡವಾಳವೇ ಕಿವಿ. ಅದೇ ಮೋಸ ಹೋಗಿತ್ತು. ಹಾಗಾದರೆ ನಾನು ಹೊಗಳಿದ್ದು ಏನನ್ನು?

ಮುಂದಿನ ರೆಕಾರ್ಡಿಂಗಿಗೆ ಅವರೇ ಕರೆದರು. ಬೆಂಗಳೂರಿನ ಒಂದು ಮನೆಯ ಮೊದಲ ಮಹಡಿ. ಗೋಡೆಗೆ ಸ್ಪಂಜು, ಕಿಟಕಿಗೆ ಕಂಬಳಿ. ಮೂವರು ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಂಟು ಸಾಲಿನ ಒಂದು ಮಧ್ಯಂತರ ಸಂಗೀತವನ್ನು ನುಡಿಸಿದರು. ಮುಗಿಯಿತು ಎನ್ನುವಷ್ಟರಲ್ಲಿ ಗಾಜಿನಾಚೆಯಿಂದ “ಇನ್ನೊಂದ್ಸಲ ಸಾರ್” ಎಂಬ ದನಿ. ಮೊದಲನೆಯದು ಹಾಗೇ ಇರುತ್ತದೆ, ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಹೀಗೆ ಹತ್ತು ಪದರ. ಹತ್ತು ಮೂರಲಿ ಮೂವತ್ತು. ನನ್ನ ಲೆಕ್ಕ ಅಷ್ಟರಮಟ್ಟಿಗೆ ತಪ್ಪಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಂಭಾವನೆಯ ಲೆಕ್ಕ ಬೇರೆ: ಮೂರು ಜನ, ಒಂದು ಕಾಲ್‌ಶೀಟ್.

ಅಲ್ಲಿ ಕುಳಿತು ಕೇಳಿದ ಮೇಲೆ ಒಂದು ವಿಷಯ ಹೊಳೆಯಿತು. ಮೇಳದ ದೊಡ್ಡತನ ಜೋರಿನಲ್ಲಿ ಇಲ್ಲ. ಹತ್ತು ಪಿಟೀಲು ಸೇರಿದರೆ ಸದ್ದು ಹೆಚ್ಚುವುದು 10 ಡೆಸಿಬಲ್. ನಮ್ಮ ಕಿವಿಗೆ ಅದು ಒಂದು ಪಿಟೀಲಿನ ಸುಮಾರು ಎರಡರಷ್ಟು ಜೋರು, ಅಷ್ಟೆ. ಅದಕ್ಕಾದರೆ ವಾಲ್ಯೂಮ್ ತಿರುಗಿಸಿದರೆ ಸಾಕಿತ್ತು. ಪಶ್ಚಿಮದ ದೊಡ್ಡ ಆರ್ಕೆಸ್ಟ್ರಾಗಳು ಅರವತ್ತರ ಹತ್ತಿರ ತಂತಿವಾದ್ಯದವರನ್ನು ಕೂರಿಸಿಕೊಳ್ಳುವುದು ಬರೀ ಸದ್ದಿಗಲ್ಲ. ಒಬ್ಬ ಕಮಾನು ಎಳೆಯುವುದು ಕೂದಲೆಳೆಯಷ್ಟು ಮುಂಚೆ, ಇನ್ನೊಬ್ಬ ಕೂದಲೆಳೆಯಷ್ಟು ತಡ. ಒಬ್ಬನ ಷಡ್ಜ ತುಸು ಮೇಲೆ, ಇನ್ನೊಬ್ಬನದು ತುಸು ಕೆಳಗೆ. ಒಬ್ಬನ ಬೆರಳು ತಂತಿಯ ಮೇಲೆ ಬೇಗ ನಡುಗುತ್ತದೆ, ಮತ್ತೊಬ್ಬನದು ನಿಧಾನ. ಈ ಸಣ್ಣಪುಟ್ಟ ಭಿನ್ನಾಭಿಪ್ರಾಯಗಳೆಲ್ಲ ಒಂದರೊಳಗೊಂದು ಕರಗಿದಾಗ ಬರುವ ರೇಷ್ಮೆಯಂಥ ಹರವನ್ನೇ ನಾವು ‘ಮೇಳ’ ಎನ್ನುವುದು.

ಇದಕ್ಕೆ ಇಬ್ಬರು ಸಾಲುವುದಿಲ್ಲ. ಇಬ್ಬರು ಒಂದೇ ಸ್ವರ ಹಿಡಿದಾಗ ಒಬ್ಬನದು ಸೆಕೆಂಡಿಗೆ 440 ಕಂಪನ, ಇನ್ನೊಬ್ಬನದು 442 ಆದರೆ, ಸೆಕೆಂಡಿಗೆ ಎರಡು ಬಾರಿ ಸದ್ದು ಉಬ್ಬಿ ಇಳಿಯುತ್ತದೆ. ಜಗಳ ಬಯಲಿಗೆ ಬಂದಂತೆ. ಮೂರನೆಯವರು ಬಂದು ಕುಳಿತರೆ ಆ ಜಗಳ ಮಸುಕಾಗುತ್ತದೆ. ಮನೆಗಳಲ್ಲೂ ಹೀಗೇ ಅಲ್ಲವೇ!

ಒಬ್ಬರೇ ತಮ್ಮ ಮೇಲೆ ತಾವೇ ಮತ್ತೆ ಮತ್ತೆ ನುಡಿಸಿದಾಗ ತೊಂದರೆ ಶುರುವಾಗುವುದು ಇಲ್ಲೇ. ಅದೇ ಪಿಟೀಲು, ಅದೇ ಕೈ, ಅದೇ ಕುರ್ಚಿ. ತಪ್ಪುಗಳೂ ಅವೇ. ಹತ್ತು ಸಲ ನುಡಿಸಿದರೂ ಹತ್ತು ಜನ ಆಗುವುದಿಲ್ಲ, ಒಬ್ಬ ದಪ್ಪ ಮನುಷ್ಯ ಆಗುತ್ತಾನೆ. ಕೋಣೆಯದೂ ಅದೇ ಕಥೆ: ಸಣ್ಣ ಕೋಣೆಯ ಡಬ್ಬಿಯಂಥ ಗುಂಯ್‌ಗುಡುವಿಕೆ ಪ್ರತಿ ಪದರದಲ್ಲೂ ಬಂದು ಕೂರುತ್ತದೆ. ಆ ದಿನ ಧ್ವನಿಮುದ್ರಕ ಹುಡುಗ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಮೂರನೇ ಸಲಕ್ಕೆ ಮೂವರ ಜಾಗ ಅದಲುಬದಲು ಮಾಡಿಸಿದ. ಐದನೇ ಸಲಕ್ಕೆ ಪಿಟೀಲುಗಳನ್ನೇ ಬದಲಾಯಿಸಿಕೊಳ್ಳಲು ಹೇಳಿದ. (ಹಿರಿಯರಿಗೆ ಇದು ರುಚಿಸಲಿಲ್ಲ, ಪರರ ಪಿಟೀಲು ಹಿಡಿಯುವುದೆಂದರೆ ಪರರ ಚಪ್ಪಲಿ ಹಾಕಿಕೊಂಡಂತೆ ಎಂದರು.) ಏಳನೇ ಸಲಕ್ಕೆ ಮೈಕನ್ನು ಬಾಗಿಲ ತನಕ ದೂರ ಇಟ್ಟ. ಇಷ್ಟೂ ಕಸರತ್ತು ಒಂದೇ ಕಾರಣಕ್ಕೆ: ಮೂವರು ತಮ್ಮನ್ನು ತಾವೇ ಮರೆತು ಬೇರೆಯವರಾಗಬೇಕು.

ಕಡಿಮೆ ಜನರನ್ನಿಟ್ಟುಕೊಂಡು ದೊಡ್ಡದು ಮಾಡಲು ಇನ್ನೊಂದು ದಾರಿಯಿದೆ, ನನಗೆ ಅದರ ಮೇಲೆ ಹೆಚ್ಚು ಗೌರವ. 1966ರ ಏಪ್ರಿಲ್ 28ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡದ ‘ಎಲಿನೋರ್ ರಿಗ್ಬಿ’ ಹಾಡಿಗೆ ತಂತಿವಾದ್ಯಗಳ ಧ್ವನಿಮುದ್ರಣ ನಡೆಯಿತು. ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೋ, ಒಟ್ಟು ಎಂಟೇ ಜನ. ಗಿಟಾರಿಲ್ಲ, ಡ್ರಮ್ಸ್ ಇಲ್ಲ; ಬೀಟಲ್ಸ್ ನಾಲ್ವರಲ್ಲಿ ಒಬ್ಬರೂ ಅದರಲ್ಲಿ ವಾದ್ಯ ಮುಟ್ಟಿಲ್ಲ. ಸಂಯೋಜನೆ ಜಾರ್ಜ್ ಮಾರ್ಟಿನ್ ಅವರದು. ಹಿಚ್‌ಕಾಕ್ ಸಿನಿಮಾಗಳ ಸಂಗೀತಗಾರ ಬರ್ನಾರ್ಡ್ ಹರ್ಮನ್ ಅವರಿಂದ ಕಲಿತದ್ದು ಅದರಲ್ಲಿದೆ ಎಂದು ಮಾರ್ಟಿನ್ ಅವರೇ ಹೇಳಿಕೊಂಡಿದ್ದಾರೆ. ಆಗ ಇಪ್ಪತ್ತು ವರ್ಷದ ಹುಡುಗನಾಗಿದ್ದ ಧ್ವನಿಮುದ್ರಕ ಜೆಫ್ ಎಮೆರಿಕ್ ಮೈಕುಗಳನ್ನು ವಾದ್ಯಗಳ ಮೈಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದರು. ವಾದಕರು ಮುಜುಗರದಿಂದ ಕುರ್ಚಿ ಹಿಂದೆ ಸರಿಸುತ್ತಿದ್ದರಂತೆ. ಹತ್ತಿರದ ಮೈಕು ಏನನ್ನೂ ಮುಚ್ಚಿಡುವುದಿಲ್ಲ. ಕಮಾನು ತಂತಿಯನ್ನು ಕಚ್ಚುವ ಸದ್ದೂ ಬಂದುಬಿಡುತ್ತದೆ. ಮಾರ್ಟಿನ್ ಬರೆದದ್ದೂ ಅದಕ್ಕೆ ತಕ್ಕಂತೆ ಇದೆ: ಮೋಡದಂತೆ ಹರಡುವ ಉದ್ದನೆಯ ಸ್ವರಗಳು ಕಡಿಮೆ, ಕತ್ತರಿಸಿದಂಥ ಗಿಡ್ಡ ಹೊಡೆತಗಳು ಹೆಚ್ಚು. ಎಂಟು ಜನ ಅಲ್ಲಿ ಎಂಬತ್ತು ಜನರ ವೇಷ ಹಾಕಿಲ್ಲ. ಆದರೂ ಆ ಹಾಡಿನ ಒಂಟಿತನ ದೊಡ್ಡದಾಗಿ ಕೇಳುತ್ತದೆ.

ನಮ್ಮ ಕಡೆಯ ಕಥೆ ಮದ್ರಾಸಿನದು. ಬಹಳ ಕಾಲ ಕನ್ನಡ ಸಿನಿಮಾದ ಹಾಡುಗಳು ಧ್ವನಿಮುದ್ರಣಕ್ಕೆ ಅಲ್ಲಿಗೇ ಹೋಗಬೇಕಿತ್ತು. ಅಲ್ಲಿ ದೊಡ್ಡ ಪಿಟೀಲು ಬಳಗವಿತ್ತು, ಕರ್ನಾಟಕ ಸಂಗೀತ ಕಲಿತು ಪಶ್ಚಿಮದ ಸ್ವರಲಿಪಿಯನ್ನೂ ನೋಡಿದೊಡನೆ ನುಡಿಸಬಲ್ಲವರದು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಇಳಯರಾಜ ಮಾಡಿದ ಹಾಡುಗಳನ್ನು ಕೇಳಿ ಬೆಳೆದ ನಮ್ಮ ತಲೆಮಾರಿಗೆ ‘ಸಮೃದ್ಧಿ’ ಎಂದರೆ ಆ ಪಿಟೀಲುಗಳೇ. ನಾನು ಮೂವರನ್ನು ಮೂವತ್ತಾಗಿ ಕೇಳಿಸಿಕೊಂಡದ್ದಕ್ಕೆ ಈ ನೆನಪೂ ಕಾರಣವಿರಬೇಕು. ಆಮೇಲೆ ಕೀಬೋರ್ಡುಗಳು ಬಂದವು, ಬಳಗ ಚದುರಿತು. ಅದೇ ಬಳಗದ ವಿ.ಎಸ್. ನರಸಿಂಹನ್ ಕಟ್ಟಿದ ಮದ್ರಾಸ್ ಸ್ಟ್ರಿಂಗ್ ಕ್ವಾರ್ಟೆಟ್ ಮಾತ್ರ ನಾಲ್ಕೇ ವಾದ್ಯಗಳಲ್ಲಿ ಕೀರ್ತನೆಗಳನ್ನು ನುಡಿಸಿತು. ಒಬ್ಬರು ಗಮಕ ಹಿಡಿದಾಗ ಮಿಕ್ಕವರು ಅವರಿಗೆ ಜಾಗ ಬಿಡುವುದು ಅಲ್ಲಿ ಕೇಳುತ್ತದೆ.

ನಮ್ಮ ಭಾವಗೀತೆಗಳ ಬಗ್ಗೆ ನನ್ನ ತಕರಾರು ಇರುವುದು ಈ ಗಮಕದ ವಿಷಯದಲ್ಲೇ. ಗಮಕ ಎನ್ನುವುದು ಒಬ್ಬರ ಕೈಬರಹ. ಅದನ್ನು ಹತ್ತು ಪದರ ಮಾಡಿದರೆ ಹತ್ತು ಸಹಿಗಳು ಒಂದರ ಮೇಲೊಂದು ಬಿದ್ದು ಮಸಿ ಕಲೆಯಾಗುತ್ತದೆ. ಆ ದಿನ ಸ್ಟುಡಿಯೊದಲ್ಲಿ ಎರಡನೇ ಪದರಕ್ಕೇ ಇದು ಗೊತ್ತಾಗಿ, ಸಂಯೋಜಕರು “ನೇರವಾಗಿ ನುಡಿಸಿ, ಜಾರಿಸಬೇಡಿ” ಎಂದರು. ಮೂವತ್ತು ವರ್ಷ ಜಾರಿಸುವುದನ್ನೇ ಸಾಧನೆ ಮಾಡಿದ ಬೆರಳುಗಳು ಹಾರ್ಮೋನಿಯಮ್ಮಿನ ಮನೆಗಳಂತೆ ಒಂದೊಂದೇ ಸ್ವರದ ಮೇಲೆ ನಿಲ್ಲಬೇಕಾಯಿತು. ಮೇಳ ದೊಡ್ಡದಾಯಿತು, ಆದರೆ ಅದಕ್ಕೆ ನಮ್ಮ ಊರಿನ ಉಚ್ಚಾರಣೆ ಉಳಿಯಲಿಲ್ಲ. ಮೂವರನ್ನು ಮೂವತ್ತು ಮಾಡುವುದರಲ್ಲಿ ನನಗೇನೂ ಮೋಸ ಕಾಣುವುದಿಲ್ಲ. ಸಿನಿಮಾದ ಮಳೆಯೂ ಪೈಪಿನಿಂದಲೇ ಸುರಿಯುತ್ತದೆ. ನನ್ನ ಪ್ರಶ್ನೆ ಇಷ್ಟೆ: ಇಬ್ಬನಿಯ ಬಗ್ಗೆ ಇರುವ ಆರು ಸಾಲಿನ ಕವಿತೆಗೆ ಮೂವತ್ತು ಪಿಟೀಲು ಯಾಕೆ ಬೇಕಿತ್ತು? ಹಾಗೆ ಕೇಳುವ ಬದಲು ಆ ಲೇಖನದಲ್ಲಿ ನಾನು ಸಂಖ್ಯೆಗೆ ಮರುಳಾಗಿದ್ದೆ.

ಈ ಲೇಖನಕ್ಕಾಗಿ ಹಳೆಯ ಆಲ್ಬಮ್ಮನ್ನು ಮತ್ತೆ ಕೇಳಿದೆ. ಮೇಳ ಈಗಲೂ ಸೊಗಸಾಗಿದೆ, ಆದರೆ ಒಂದೇ ಹಾಡಿನಂತೆ ಎಲ್ಲ ಹಾಡುಗಳೂ ಕೇಳುತ್ತವೆ. ಮನಸ್ಸಿಗೆ ತಾಗಿದ್ದು ನಾಲ್ಕನೇ ಹಾಡಿನ ಎರಡನೇ ಚರಣದ ನಂತರ ಬರುವ ಅರ್ಧ ನಿಮಿಷ. ಅಲ್ಲಿ ಒಂದೇ ಪಿಟೀಲು, ಜಾರುತ್ತ, ತಡೆಯುತ್ತ, ಹಾಡುಗಾರ್ತಿ ಬಿಟ್ಟ ಮಾತನ್ನು ಎತ್ತಿಕೊಂಡು ಹೋಗುತ್ತದೆ. ಹಿರಿಯರಿಗೆ ಫೋನ್ ಮಾಡಿ ಅದನ್ನು ಬೇರೆಯಾಗಿ ನುಡಿಸಿದಿರಾ ಎಂದು ಕೇಳಿದೆ.

“ಇಲ್ಲ ಸಾರ್, ಅದು ಮೊದಲನೇ ಸಲದ್ದು. ಮಿಕ್ಕಿದ್ದನ್ನೆಲ್ಲ ಆ ಹುಡುಗ ಅಲ್ಲಿ ಆಫ್ ಮಾಡಿಬಿಟ್ಟಿದ್ದ” ಎಂದರು.